ಸೂಕ್ಷ್ಮ ನೆತ್ತಿಗೆ ಯಾವ ಶಾಂಪೂ? ಬಾಟಲಿಯ ಹಿಂಭಾಗ ಓದಲು ಬರುವವರು ಹೇಳಿ

ಡೊಂಬಿವಲಿ ದಾಸವಾಳ
ಎಲ್ಲರಿಗೂ ನಮಸ್ಕಾರ. ನೆತ್ತಿಯ ಚರ್ಮ ತೀರಾ ಸೂಕ್ಷ್ಮ ಇರುವವರು ಯಾವ ಶಾಂಪೂ ಹಾಕಬೇಕು? ತಲೆಗೆ ನೀರು ಹಾಕಿದ ಮರುದಿನ ಕಿವಿಯ ಹಿಂದೆ, ಹಣೆಯ ಅಂಚಿಗೆ, ಕುತ್ತಿಗೆಯ ಎರಡೂ ಬದಿಗೆ ನವೆ. ರೆಪ್ಪೆಯೂ ಒಮ್ಮೊಮ್ಮೆ ಊದುತ್ತದೆ. ನೆತ್ತಿಯ ಮೇಲೆ ಅಷ್ಟೇನೂ ಇಲ್ಲ, ಹೊಟ್ಟೂ ಇಲ್ಲ. ಈಗಿರುವುದು ಸಲ್ಫೇಟ್ ಇಲ್ಲದ, ಗಿಡಮೂಲಿಕೆಯ ಶಾಂಪೂ. 'ಮೈಲ್ಡ್' ಅಂತ ದಪ್ಪಕ್ಷರದಲ್ಲಿ ಬರೆದಿದೆ. ಇದಕ್ಕಿಂತ ಸೌಮ್ಯವಾದ್ದು ಉಂಟಾ? ವಾರಕ್ಕೆ ಎರಡು ತಲೆಸ್ನಾನ, ಭುಜದ ಕೆಳಗಿನವರೆಗೆ ಕೂದಲು, ನಲ್ಲಿ ನೀರು. ಬೇಸಿಗೆಯಲ್ಲಿ ಮಾತ್ರ ಟ್ಯಾಂಕರ್.

ಸೂತ್ರಧಾರ, ಪುಣೆ
ಬಾಟಲಿ ತಿರುಗಿಸಿ ಅಕ್ಕ. ಮುಂಭಾಗ ಮಾರ್ಕೆಟಿಂಗ್‌ನವರದು, ಹಿಂಭಾಗ ಲ್ಯಾಬಿನವರದು. ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿಯನ್ನು ಇದ್ದ ಕ್ರಮದಲ್ಲೇ ಟೈಪ್ ಮಾಡಿ ಹಾಕಿ. ಬ್ರಾಂಡ್ ಹೆಸರು ಬೇಡ. ಅದೇ ಹೆಸರಿನ ಬಾಟಲಿಯ ಒಳಗಿನ ಮಾಲು ಸದ್ದಿಲ್ಲದೆ ಬದಲಾಗುತ್ತಿರುತ್ತದೆ, ಪಟ್ಟಿಯೊಂದೇ ನಂಬಿಕೆಗೆ ಅರ್ಹ.

ಡೊಂಬಿವಲಿ ದಾಸವಾಳ
ಇದ್ದದ್ದು ಇದ್ದ ಹಾಗೆ: ಆಕ್ವಾ, ಸೋಡಿಯಂ ಸಿ14-16 ಒಲೆಫಿನ್ ಸಲ್ಫೊನೇಟ್, ಕೊಕಮಿಡೊಪ್ರೊಪೈಲ್ ಬೀಟೈನ್, ಕೊಕೊ-ಗ್ಲೂಕೊಸೈಡ್, ಗ್ಲಿಸರಿನ್, ಸೋಡಿಯಂ ಕ್ಲೋರೈಡ್, ಅಲೋವೆರಾ ಸಾರ, ಪರ್ಫ್ಯೂಮ್, ಟೀ ಟ್ರೀ ಎಣ್ಣೆ, ಸಿಟ್ರಿಕ್ ಆ್ಯಸಿಡ್, ಡೈಸೋಡಿಯಂ ಇಡಿಟಿಎ, ಮೀಥೈಲ್‌ಕ್ಲೋರೊಐಸೊಥಯಜೊಲಿನೋನ್, ಮೀಥೈಲ್‌ಐಸೊಥಯಜೊಲಿನೋನ್, ಲಿಮೊನೀನ್, ಲಿನಲೂಲ್. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿಯೇ ಓದಬೇಕಾಯಿತು.

ಸೂತ್ರಧಾರ, ಪುಣೆ
ಇಷ್ಟು ಸಿಕ್ಕರೆ ಸಾಕು. ಪಟ್ಟಿಯನ್ನು ಎರಡು ತುಂಡು ಮಾಡಿ ಓದಬೇಕು. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮದಂತೆ ಶೇ. 1ಕ್ಕಿಂತ ಹೆಚ್ಚು ಇರುವ ಪದಾರ್ಥಗಳು ಇಳಿಕೆಯ ಕ್ರಮದಲ್ಲಿ ಬರಬೇಕು. ಶೇ. 1 ಅಥವಾ ಅದಕ್ಕೂ ಕಡಿಮೆ ಇರುವವು ಆಮೇಲೆ ಯಾವ ಕ್ರಮದಲ್ಲಿ ಬಂದರೂ ನಡೆಯುತ್ತದೆ. ನಿಮ್ಮ ಬಾಟಲಿಯಲ್ಲಿ ಆ ಗೆರೆ ಬಹುಶಃ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಇರುವಲ್ಲಿ ಬೀಳುತ್ತದೆ. ಅದರ ಮೇಲಿರುವುದು ತೊಳೆಯುವ ಭಾಗ. ಚರ್ಮ ಒಣಗುವುದು, ಉರಿಯುವುದು ಹೆಚ್ಚಾಗಿ ಅದರಿಂದ. ಕೆಳಗಿರುವುದು ಚೂರುಪಾರು. ಆದರೆ ಅಲರ್ಜಿಯ ದೊಡ್ಡ ಅಪರಾಧಿಗಳು ಅಡಗಿ ಕೂರುವುದು ಅಲ್ಲೇ.

ಮೊದಲು ಮೇಲಿನ ಭಾಗ. 'ಸಲ್ಫೇಟ್ ಇಲ್ಲ' ಎಂದು ಬರೆದದ್ದು ಸುಳ್ಳಲ್ಲ, ಒಲೆಫಿನ್ ಸಲ್ಫೊನೇಟ್ ಬೇರೆ ಜಾತಿಯ ರಾಸಾಯನಿಕವೇ. ಆದರೆ ಜಿಡ್ಡು ಕೀಳುವುದರಲ್ಲಿ ಅದು ಸಲ್ಫೇಟಿಗೆ ಅಷ್ಟೇನೂ ಸೋಲುವುದಿಲ್ಲ. ಸೌಮ್ಯ ಎಂದು ನಂಬಿ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಇಷ್ಟು.

ಸಲ್ಫೇಟುಗಳಲ್ಲೂ ಎಲ್ಲವೂ ಒಂದೇ ಅಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್, ಎಸ್‌ಎಲ್‌ಎಸ್, ಚರ್ಮವನ್ನು ಚೆನ್ನಾಗಿಯೇ ಕೆರಳಿಸುತ್ತದೆ. ಚರ್ಮ ಎಷ್ಟು ಕೆರಳುತ್ತದೆ ಎಂದು ಅಳೆಯುವ ಪ್ರಯೋಗಗಳಲ್ಲಿ ಬೇಕೆಂದೇ ಹಚ್ಚುವ ವಸ್ತು ಅದು. ಸೋಡಿಯಂ ಲಾರೆತ್ ಸಲ್ಫೇಟ್, ಎಸ್‌ಎಲ್‌ಇಎಸ್, ಅದೇ ಜಾತಿಯದು, ತಯಾರಿಸುವಾಗ ಎಥಿಲೀನ್ ಆಕ್ಸೈಡ್ ಕೂಡಿಸಿ ಅಣುವನ್ನು ದೊಡ್ಡದು ಮಾಡಿದ್ದು. ಚರ್ಮದೊಳಗೆ ಇಳಿಯುವುದು ಕಡಿಮೆ. ಎಸ್‌ಎಲ್‌ಇಎಸ್ ಜೊತೆ ಬೀಟೈನ್ (ನಿಮ್ಮ ಪಟ್ಟಿಯ ಮೂರನೆಯ ಹೆಸರು) ಸೇರಿದರೆ ಎರಡೂ ಗುಂಪುಗೂಡಿ ದೊಡ್ಡ ಮಿಸೆಲ್ ಆಗುತ್ತವೆ, ಬಿಡಿಯಾಗಿ ತಿರುಗಿ ಚರ್ಮದೊಳಗೆ ನುಗ್ಗುವ ಅಣುಗಳು ಕಡಿಮೆಯಾಗುತ್ತವೆ. ಹಾಗಾಗಿ ಬೀಟೈನ್ ಸರಿಯಾಗಿ ಬಿದ್ದ ಒಂದು ಸಾಧಾರಣ ಎಸ್‌ಎಲ್‌ಇಎಸ್ ಶಾಂಪೂ ನಿಮ್ಮ ಕೈಯಲ್ಲಿರುವ ದುಬಾರಿ ಬಾಟಲಿಗಿಂತ ಸೌಮ್ಯ ಇದ್ದರೂ ಇರಬಹುದು.

ನಿಜವಾಗಿ ಮೃದುವಾದ್ದು ಬೇಕಿದ್ದರೆ ಆಕ್ವಾ, ಅಂದರೆ ನೀರಿನ ನಂತರದ ಎರಡು ಮೂರು ಹೆಸರುಗಳಲ್ಲಿ ಇವನ್ನು ಹುಡುಕಿ: ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್, ಡೈಸೋಡಿಯಂ ಲಾರೆತ್ ಸಲ್ಫೊಸಕ್ಸಿನೇಟ್, ಸೋಡಿಯಂ ಕೊಕೊಯ್ಲ್ ಗ್ಲುಟಮೇಟ್, ಸೋಡಿಯಂ ಮೀಥೈಲ್ ಕೊಕೊಯ್ಲ್ ಟಾರೇಟ್. ಇಂಥವು ತೆಳ್ಳಗಿರುವುದು ಸಾಮಾನ್ಯ. ಎಸ್‌ಎಲ್‌ಇಎಸ್‌ಗೆ ಉಪ್ಪು ಹಾಕಿದರೆ ಗಟ್ಟಿಯಾಗುತ್ತದೆ, ಇವುಗಳಲ್ಲಿ ಹಲವು ಉಪ್ಪಿಗೆ ಜಗ್ಗುವುದಿಲ್ಲ. ನೀರು ಬೆರೆಸಿ ಮೋಸ ಮಾಡಿದ್ದಾರೆ ಎಂದುಕೊಳ್ಳಬೇಡಿ.

ಚರ್ಮದ ಡಾಕ್ಟರ್, ಠಾಣೆ
ನಾನು ಕೆಳಗಿನ ಭಾಗಕ್ಕೆ ಬರುತ್ತೇನೆ. ನವೆ ಇರುವ ಜಾಗಗಳನ್ನು ಇನ್ನೊಮ್ಮೆ ಓದಿ: ಕಿವಿಯ ಹಿಂದೆ, ಹಣೆಯ ಅಂಚು, ಕುತ್ತಿಗೆಯ ಬದಿ, ರೆಪ್ಪೆ. ನೊರೆ ಇಳಿದು ಹೋಗುವ ದಾರಿಯೇ ಅದು. ನೆತ್ತಿಯ ಚರ್ಮ ದಪ್ಪ, ಸಾಕಷ್ಟು ತಡೆದುಕೊಳ್ಳುತ್ತದೆ. ರೆಪ್ಪೆಯ ಚರ್ಮ ಮೈಯಲ್ಲೇ ಅತ್ಯಂತ ತೆಳು. ಹಾಗಾಗಿ ಶಾಂಪೂ ಅಲರ್ಜಿ ತಲೆಯ ಮೇಲೆ ಕಾಣದೆ ರೆಪ್ಪೆಯಲ್ಲಿ ಕಾಣುವುದು ತೀರಾ ಸಾಮಾನ್ಯ. ಜನ ಕಾಡಿಗೆಯನ್ನೋ ಫೇಸ್‌ವಾಶನ್ನೋ ಬೈಯುತ್ತಾ ಇರುತ್ತಾರೆ. ಕೆರಳಿಕೆಯಾದರೆ ತೊಳೆಯುವಾಗಲೇ ಅಥವಾ ಸ್ವಲ್ಪ ಹೊತ್ತಿನಲ್ಲಿ ಉರಿ, ಬಿಗಿತ. ಅಲರ್ಜಿಯಾದರೆ ಒಂದೆರಡು ದಿನ ಬಿಟ್ಟು ನವೆ, ಸಣ್ಣ ಗುಳ್ಳೆ, ಸಿಪ್ಪೆ. 'ಮರುದಿನ' ಎಂದು ನೀವು ಬರೆದದ್ದು ಎರಡನೆಯದರ ಕಡೆ ಬೊಟ್ಟು ಮಾಡುತ್ತದೆ. ಕಣ್ಣಾರೆ ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ತಪ್ಪು.

ಪಟ್ಟಿಯಲ್ಲಿ ನನ್ನ ಮೊದಲ ಅನುಮಾನ ಆ ಎರಡು ಉದ್ದದ ಥಯಜೊಲಿನೋನ್‌ಗಳ ಮೇಲೆ. ಎಂಸಿಐ, ಎಂಐ ಎಂದು ಚಿಕ್ಕದಾಗಿ ಕರೆಯುತ್ತೇವೆ. ಶಾಂಪೂ ಕೆಡದಂತೆ ಹಾಕುವ ಪ್ರಿಸರ್ವೇಟಿವ್‌ಗಳು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ (ಏನಾದರೂ ತಾಗಿ ಬರುವ ಚರ್ಮದ ಉರಿಯೂತ) ತಜ್ಞರ ಸಂಘ 2013ರಲ್ಲಿ ಎಂಐಯನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತು. ಯುರೋಪ್ ಒಕ್ಕೂಟ ಅದನ್ನು ಹಚ್ಚಿ ಬಿಡುವ ಕ್ರೀಮುಗಳಲ್ಲಿ ನಿಷೇಧಿಸಿ, ತೊಳೆದುಬಿಡುವ ಪದಾರ್ಥಗಳಲ್ಲಿ 15 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ 15 ಪಾಲಿಗೆ, ಇಳಿಸಿದೆ. ಎರಡನೆಯ ಅನುಮಾನ ಪರಿಮಳದ ಮೇಲೆ: ಪರ್ಫ್ಯೂಮ್, ಲಿಮೊನೀನ್, ಲಿನಲೂಲ್, ಟೀ ಟ್ರೀ ಎಣ್ಣೆ. ಇವು ಗಾಳಿ ತಾಗಿ ಆಕ್ಸಿಡೈಸ್ ಆದಾಗ ಅಲರ್ಜಿ ಮಾಡುವ ಗುಣ ಹೆಚ್ಚುತ್ತದೆ. ಬಚ್ಚಲಿನ ಸೆಕೆಯಲ್ಲಿ ಮುಚ್ಚಳ ತೆರೆದಿಟ್ಟ ಹಳೆ ಬಾಟಲಿ ಹೊಸದಕ್ಕಿಂತ ಕೆಟ್ಟದ್ದು. ಗಿಡದಿಂದ ಬಂತು ಎಂಬ ಕಾರಣಕ್ಕೆ ಚರ್ಮ ರಿಯಾಯಿತಿ ಕೊಡುವುದಿಲ್ಲ.

ಮೂರನೆಯದು ಬೀಟೈನ್ ಮತ್ತು ಗ್ಲೂಕೊಸೈಡ್. ಸೌಮ್ಯವೇ, ಆದರೆ ಕೆಲವರಿಗೆ ಅಲರ್ಜಿ ಮಾಡುತ್ತವೆ. ಸೌಮ್ಯವಾದ್ದು ಬೇರೆ, ಅಲರ್ಜಿ ಮಾಡದ್ದು ಬೇರೆ.

ಮಾಟುಂಗಾ ಮೆಡಿಕಲ್
ಡಾಕ್ಟ್ರೆ, ಒಂದು ಮಾತು ಸೇರಿಸುತ್ತೇನೆ. ಡಿಎಂಡಿಎಂ ಹೈಡಾಂಟೊಯಿನ್, ಇಮಿಡಜೊಲಿಡಿನೈಲ್ ಯೂರಿಯಾ, ಡಯಜೊಲಿಡಿನೈಲ್ ಯೂರಿಯಾ, ಕ್ವಾಟರ್ನಿಯಂ-15 ಕಂಡರೂ ಸೂಕ್ಷ್ಮ ಚರ್ಮದವರು ಬಾಟಲಿ ಕೆಳಗಿಡುವುದು ಒಳ್ಳೆಯದು. ಇವು ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡುವ ಜಾತಿ. ಗಿರಾಕಿಗಳು ಹೆದರುವುದು ಮಾತ್ರ ಪ್ಯಾರಬೆನ್ ಎಂಬ ಇನ್ನೊಂದು ಪ್ರಿಸರ್ವೇಟಿವ್‌ಗೆ!

ಚರ್ಮದ ಡಾಕ್ಟರ್, ಠಾಣೆ
ಹೌದು, ಅದು ವಿಚಿತ್ರವೇ. ಪ್ಯಾರಬೆನ್‌ಗಳಿಗೆ ಅಲರ್ಜಿ ಬಹಳ ಅಪರೂಪ. ಅದೇ ಸಂಘ 2019ರಲ್ಲಿ ಅವನ್ನು 'ಅಲರ್ಜಿಕಾರಕವಲ್ಲದ್ದು' ಎಂದೇ ವರ್ಷದ ಹೆಸರಾಗಿ ಆರಿಸಿತು. ಜನರ ಹೆದರಿಕೆಗೆ ಮಣಿದು ಪ್ಯಾರಬೆನ್ ತೆಗೆದ ಎಷ್ಟೋ ಕಡೆ ಎಂಐ ಬಂದು ಕೂತಿತು. ಚರ್ಮದ ಲೆಕ್ಕದಲ್ಲಿ ಅದು ನಷ್ಟದ ವ್ಯಾಪಾರ. ಸೋಡಿಯಂ ಬೆಂಜೊಯೇಟ್, ಫಿನಾಕ್ಸಿಎಥನಾಲ್ ಇದ್ದರೆ ಸಾಮಾನ್ಯವಾಗಿ ತೊಂದರೆ ಕಡಿಮೆ.

ಡೊಂಬಿವಲಿ ದಾಸವಾಳ
ಹಾಗಾದರೆ ದೊಡ್ಡ ಬಾಟಲಿ ತರುವ ಮೊದಲು ಬೇರೆ ಬೇರೆ ಸ್ಯಾಶೆ ತಂದು ನೋಡಿದರೆ ಹೇಗೆ?

ಮಾಟುಂಗಾ ಮೆಡಿಕಲ್
ಅದರಲ್ಲೊಂದು ತೊಡಕು ಉಂಟು ಅಕ್ಕ. 60 ಮಿ.ಲೀ.ಗಿಂತ ಚಿಕ್ಕ ದ್ರವದ ಪ್ಯಾಕಿಗೆ, 30 ಗ್ರಾಂಗಿಂತ ಚಿಕ್ಕ ಗಟ್ಟಿ ಪ್ಯಾಕಿಗೆ ಪದಾರ್ಥಗಳ ಪಟ್ಟಿ ಹಾಕಲೇಬೇಕೆಂಬ ನಿಯಮ ಇಲ್ಲ. ಎಂಐ ಉಂಟೋ ಇಲ್ಲವೋ ಗೊತ್ತಾಗದೆ ಹಚ್ಚಿದ ಹಾಗೆ. ಪಟ್ಟಿ ಅಚ್ಚಾದ ಕನಿಷ್ಠ ಗಾತ್ರದ ಬಾಟಲಿಯನ್ನೇ ತನ್ನಿ. ಹಾಗೇ 'ಹೈಪೊಅಲರ್ಜೆನಿಕ್', 'ಡರ್ಮಟಾಲಜಿಸ್ಟ್ ಟೆಸ್ಟೆಡ್' ಎಂಬ ಮಾತುಗಳಿಗೆ ದುಡ್ಡು ಕೊಡಬೇಡಿ. ಇಷ್ಟಿದ್ದರೆ ಮಾತ್ರ ಬರೆಯಬೇಕು ಎಂಬ ಕಟ್ಟುನಿಟ್ಟಿನ ಅಳತೆ ಅವಕ್ಕಿಲ್ಲ. ಬೇಬಿ ಶಾಂಪೂ ಕೇಳುವವರು ಬಹಳ. ಕಣ್ಣು ಉರಿಯಬಾರದೆಂದು ಮೃದುವಾದ ತೊಳೆಯುವ ಭಾಗ ಇರುತ್ತದೆ ನಿಜ, ಪರಿಮಳ ಮಾತ್ರ ಹೆಚ್ಚಿನವುಗಳಲ್ಲಿ ಇರುತ್ತದೆ. 'ಅನ್‌ಸೆಂಟೆಡ್' ಎಂದಿದ್ದರೂ ಪಟ್ಟಿ ನೋಡಿ, ಕೆಟ್ಟ ವಾಸನೆ ಮುಚ್ಚಲು ಪರಿಮಳ ಸೇರಿಸಿರುವುದುಂಟು. 'ಫ್ರಾಗ್ರೆನ್ಸ್ ಫ್ರೀ' ಬೇಕು.

ಹಡಪ್ಸರ ಹೆಲ್ಮೆಟ್
ನಡುವ ಬಾಯಿ ಹಾಕ್ತೀನ್ರಿ. ನಂದು ಉರಿ ಅಲ್ಲ, ಹೊಟ್ಟು ಭಾಳ. ದಿನಾ ಹೆಲ್ಮೆಟ್. ಮೆಡಿಕಲ್ನ್ಯಾಗ ಕೀಟೊಕೋನಜೋಲ್ ಶಾಂಪೂ ಕೊಟ್ಟಾರ, ಹಚ್ಚಿದ ಕೂಡ್ಲೆ ತೊಳಕೋತೀನಿ, ಏನೂ ಫರಕ್ ಇಲ್ಲ. ಇದರಾಗೂ ಸೌಮ್ಯದ್ದು ಅಂತ ಬರ್ತದೇನ್ರಿ?

ಮಾಟುಂಗಾ ಮೆಡಿಕಲ್
ತಮ್ಮಾ, ಹಚ್ಚಿದ ಕೂಡಲೇ ತೊಳೆದರೆ ಔಷಧಿ ಚರಂಡಿಗೆ ಹೋಯಿತು ಅಷ್ಟೆ. ಕೀಟೊಕೋನಜೋಲ್ ಶೇ. 2 ನೆತ್ತಿಯ ಮೇಲೆ 3ರಿಂದ 5 ನಿಮಿಷ ಕೂರಬೇಕು. ವಾರಕ್ಕೆ ಎರಡು ಸಲದಂತೆ 2ರಿಂದ 4 ವಾರ, ಹತೋಟಿಗೆ ಬಂದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ಹಾಕುವುದು ಕೂದಲಿಗಲ್ಲ, ಬೈತಲೆ ತೆಗೆದು ತೆಗೆದು ಚರ್ಮಕ್ಕೆ. ನಡುವಿನ ದಿನಗಳಿಗೆ ಮೇಲೆ ಸೂತ್ರಧಾರರು ಹೇಳಿದ ಮೃದುವಾದ ಶಾಂಪೂ. ಸೆಲೆನಿಯಂ ಸಲ್ಫೈಡ್ ಆದರೆ ಬೆಳ್ಳಿ ಒಡವೆ ತೆಗೆದಿಡಿ, ಕಪ್ಪಾಗುತ್ತದೆ; ಬಣ್ಣ ಹಾಕಿದ ಕೂದಲಿನ ಬಣ್ಣವೂ ಕೆಡಬಹುದು.

ಚರ್ಮದ ಡಾಕ್ಟರ್, ಠಾಣೆ
ಹೊಟ್ಟಿನ ಹಿಂದೆ ಇರುವುದು ಮಲಸೇಜಿಯಾ ಎಂಬ ಯೀಸ್ಟ್. ಎಲ್ಲರ ತಲೆಯಲ್ಲೂ ಇರುತ್ತದೆ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ಮಾಡಿಕೊಳ್ಳಲು ಬಾರದು, ನಮ್ಮ ಚರ್ಮದ ಜಿಡ್ಡನ್ನೇ ಒಡೆದು ತಿನ್ನುತ್ತದೆ. ಹಾಗೆ ಒಡೆದಾಗ ಉಳಿಯುವ ಒಲೀಯಿಕ್ ಆ್ಯಸಿಡ್‌ನಂಥವು ಚರ್ಮವನ್ನು ಕೆರಳಿಸಿ ಸಿಪ್ಪೆ ಏಳಿಸುತ್ತವೆ. ಹೆಲ್ಮೆಟ್ಟಿನೊಳಗಿನ ಬೆವರು, ಮಳೆಗಾಲದಲ್ಲಿ ಒದ್ದೆ ತಲೆಗೇ ಹೆಲ್ಮೆಟ್ ಏರಿಸುವುದು ಅದಕ್ಕೆ ಅನುಕೂಲ. ಒಳಗೊಂದು ತೆಳು ಹತ್ತಿ ಬಟ್ಟೆ ಕಟ್ಟಿ, ದಿನಾ ಬದಲಿಸಿ. ಬಿಚ್ಚಲು ಬರುವ ಲೈನರ್ ಆದರೆ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ. 4 ವಾರ ಸರಿಯಾಗಿ ಹಚ್ಚಿಯೂ ಇಳಿಯದಿದ್ದರೆ, ಸಿಪ್ಪೆ ದಪ್ಪಗೆ ಬೆಳ್ಳಗಿದ್ದು ಹಣೆಯ ಅಂಚು ದಾಟಿ ಬಂದರೆ ಸೋರಿಯಾಸಿಸ್ ಇರಬಹುದು, ತೋರಿಸಿ. ಮಕ್ಕಳಲ್ಲಿ ಕೂದಲು ತುಂಡಾಗಿ ಗುಂಡಗೆ ಬೋಳಾದರೆ ಅದು ಹುಳುಕಡ್ಡಿ, ಬರೀ ಶಾಂಪೂವಿನಿಂದ ಹೋಗದು, ಹೊಟ್ಟೆಗೆ ಔಷಧಿ ಬೇಕು. ಕೌಂಟರಿನಲ್ಲಿ ಕೇಳಿ ಸ್ಟೀರಾಯ್ಡ್ ಲೋಷನ್ ಮಾತ್ರ ತರಬೇಡಿ. ಮೊದಲ ವಾರ ಅದ್ಭುತ, ಬಿಟ್ಟ ಮೇಲೆ ದುಪ್ಪಟ್ಟು.

ಹಡಪ್ಸರ ಹೆಲ್ಮೆಟ್
5 ನಿಮಿಷ ಬಿಡಬೇಕಂತ ಅದರ ಮ್ಯಾಲೇ ಬರದದ ನೋಡ್ರಿ, ಈಗ ಕಾಣಸ್ತು. ಮತ್ತ ಎಣ್ಣಿ ಹಚ್ಚಬಹುದೇನ್ರಿ? ರವಿವಾರ ಎಣ್ಣಿ ಇಲ್ಲಂದ್ರ ಮನ್ಯಾಗ ಒಪ್ಪೂದಿಲ್ಲ.

ಚರ್ಮದ ಡಾಕ್ಟರ್, ಠಾಣೆ
ಹೊಟ್ಟು ಇರುವಾಗ ನೆತ್ತಿಗೆ ರಾತ್ರಿಯಿಡೀ ಎಣ್ಣೆ ಎಂದರೆ ಯೀಸ್ಟಿಗೆ ಊಟ ಬಡಿಸಿದಂತೆ. ಕೂದಲಿನ ಉದ್ದಕ್ಕೆ ಹಚ್ಚಿ, ತೊಳೆಯುವ ಅರ್ಧ ಗಂಟೆ ಮೊದಲು. ತೆಂಗಿನೆಣ್ಣೆ ಕೂದಲಿನ ಒಳಗೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟ ತಗ್ಗಿಸುತ್ತದೆ, ಆ ಲಾಭ ಕೂದಲಿಗೇ ಹೊರತು ಚರ್ಮಕ್ಕಲ್ಲ. ಮೆಂಥಾಲ್, ಕರ್ಪೂರ ಹಾಕಿದ 'ತಂಪು' ಎಣ್ಣೆ ಸೂಕ್ಷ್ಮ ನೆತ್ತಿಗೆ ಬೇಡವೇ ಬೇಡ.

ಪೊಂಡಾ ತೋಟ
ಇಷ್ಟೆಲ್ಲ ರಾಸಾಯನಿಕದ ಹೆಸರು ಓದಿ ತಲೆ ಬಿಸಿ ಮಾಡಿಕೊಳ್ಳುವ ಬದಲು ಅಂಟುವಾಳ, ಸೀಗೆಕಾಯಿ ಸಾಕಲ್ಲ ಮಾರಾಯ್ರೆ? ಪರಿಮಳ ಇಲ್ಲ, ಪ್ರಿಸರ್ವೇಟಿವ್ ಇಲ್ಲ. ನಿಮ್ಮಲ್ಲಿ ಮುಂಬಯಿ ಅಂಗಡಿಯಲ್ಲಿ ರಿಠಾ, ಶಿಕೇಕಾಯಿ ಎಂದು ಕೇಳಿದರೆ ಸಿಗುತ್ತದೆ.

ಸೂತ್ರಧಾರ, ಪುಣೆ
ಎಂಐ ಅಲರ್ಜಿಯವರಿಗೆ ನಿಮ್ಮ ದಾರಿ ತಪ್ಪಲ್ಲ ತೋಟದವರೆ. ಆದರೆ ಅಂಟುವಾಳದ ಸ್ಯಾಪೊನಿನ್ ಕೂಡ ಒಂದು ತೊಳೆಯುವ ರಾಸಾಯನಿಕವೇ. ಎಷ್ಟು ಸಾಂದ್ರ ಎಂಬುದಕ್ಕೆ ಅಳತೆ ಇಲ್ಲದಿರುವುದೇ ಅದರ ತೊಂದರೆ. ಗಟ್ಟಿ ಕಷಾಯ ಕಣ್ಣಿಗೆ ಬಿದ್ದರೆ ಯಾವ ಶಾಂಪೂಗಿಂತಲೂ ಜೋರಾಗಿ ಉರಿಯುತ್ತದೆ. ಬೀಜ ತೆಗೆದ 10 ಕಾಯಿಯ ಸಿಪ್ಪೆಯನ್ನು ಅರ್ಧ ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ 10 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ತೆಳು ಪಂಚೆಯ ಬಟ್ಟೆಯಲ್ಲಿ ಸೋಸಬೇಕು. ಚಹಾ ಜರಡಿ ಸಾಲದು. ಹಚ್ಚುವಾಗ ಅಷ್ಟೇ ನೀರು ಬೆರೆಸಿ. ಪ್ರಿಸರ್ವೇಟಿವ್ ಇಲ್ಲ ಎಂದರೆ ಬೂಷ್ಟಿಗೆ, ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಿದೆ ಎಂದೂ ಅರ್ಥ. ಫ್ರಿಜ್ಜಿನಲ್ಲಿ 2–3 ದಿನ, ಹೊರಗೆ ಅದೇ ದಿನ. ಅಂಗಡಿಯ ಸೀಗೆಪುಡಿ ಒಣ ಪುಡಿಯಾಗಿಯೇ ತಿಕ್ಕಿದರೆ ಅದರ ತರಿ ಚರ್ಮ ಕೆರೆಯುತ್ತದೆ, ಆಮೇಲೆ ಬೈತಲೆಯಲ್ಲಿ ಉಳಿದದ್ದನ್ನು ಜನ ಹೊಟ್ಟು ಎನ್ನುತ್ತಾರೆ.

ಪೊಂಡಾ ತೋಟ
ಸರಿ, ಸೋಸುವುದು ಒಪ್ಪಿದೆ. ದಾಸವಾಳದ ಎಲೆಯ ಗೊಂಪಿಗಾದರೂ ತಕರಾರು ತೆಗೆಯಬೇಡಿ.

ಸೂತ್ರಧಾರ, ಪುಣೆ
ತೆಗೆಯುವುದಿಲ್ಲ. ಆ ಲೋಳೆ ಒಳ್ಳೆಯ ಕಂಡೀಷನರ್, ಜಿಡ್ಡು ಮಾತ್ರ ಅಷ್ಟಾಗಿ ತೆಗೆಯದು. ಎಣ್ಣೆ ಹಚ್ಚದ ತಲೆಗೆ ಸಾಕು. ಆದರೆ ಇವೆಲ್ಲದರ ಬದಲು ಮೈಸೋಪು ಹಚ್ಚುವವರಿದ್ದಾರಲ್ಲ, ಅದಕ್ಕೆ ನನ್ನ ತಕರಾರು ಇದೆ. ಸಾಬೂನಿನ ಪಿಎಚ್ 9–10, ನೆತ್ತಿಯದು ಸುಮಾರು 5.5.

ಮಡಗಾಂವ್ ಕತ್ತರಿ
ಸಲೂನಿನ ಕಡೆಯಿಂದ ತೊಳೆಯುವ ವಿಧಾನದ ಮಾತು. ಒಳ್ಳೆ ಶಾಂಪೂ ತಂದೂ ಅರ್ಧ ಜನಕ್ಕೆ ಕೆರಳುವುದು ಹೆಚ್ಚು ಸುರಿದು, ಕಡಿಮೆ ತೊಳೆಯುವುದರಿಂದ. ಗಿಡ್ಡ ಕೂದಲಿಗೆ 3–5 ಮಿ.ಲೀ., ಭುಜದ ಕೆಳಗಿನವರೆಗಿದ್ದರೆ 6–8, ಸೊಂಟದವರೆಗಿದ್ದರೆ 10–12. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದರೆ ಗೊತ್ತಾಗುತ್ತದೆ ಎಷ್ಟು ಸುರಿಯುತ್ತಿದ್ದೀರಿ ಅಂತ. ಅಷ್ಟನ್ನು ಒಂದು ಲೋಟ ನೀರಿಗೆ ಕಲಸಿ ಬೆರಳಿನಿಂದ ಚರ್ಮಕ್ಕೆ ಮುಟ್ಟಿಸುತ್ತಾ ಬನ್ನಿ. ನೇರ ಸುರಿದರೆ ನೆತ್ತಿಯ ಒಂದೇ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ, ಅಲ್ಲೇ ಉರಿ. ಬೆರಳ ತುದಿಯ ಮಾಂಸದಿಂದ ತಿಕ್ಕಿ, ಉಗುರು ಬೇಡ. 30–40 ಸೆಕೆಂಡ್ ಸಾಕು. ಕೂದಲ ತುದಿಗೆ ಬೇರೆ ಹಚ್ಚುವುದು ಬೇಡ, ಇಳಿಯುವ ನೊರೆಯೇ ತೊಳೆಯುತ್ತದೆ. ಎಣ್ಣೆ ಹಚ್ಚಿದ್ದರೆ ಮಾತ್ರ ಎರಡನೇ ಸಲ.

ಈಗ ಮುಖ್ಯವಾದ್ದು. ಬಕೆಟ್ ಸ್ನಾನದಲ್ಲಿ ಎಲ್ಲರೂ ತಲೆ ಮುಂದೆ ಬಗ್ಗಿಸಿ ಮುಖದ ಮೇಲಿಂದ ನೀರು ಹಾಕುತ್ತಾರೆ, ನೊರೆಯೆಲ್ಲ ಹಣೆ, ರೆಪ್ಪೆ ದಾಟಿ ಇಳಿಯುತ್ತದೆ. ತಲೆ ಹಿಂದಕ್ಕೆ ಬಾಗಿಸಿ, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಹಿಂದಕ್ಕೆ ಹರಿಸಿ. ನಿಮ್ಮಷ್ಟು ಕೂದಲಿಗೆ ಒಂದು ಲೀಟರಿನ ಮಗ್ಗಿನಲ್ಲಿ 8–10 ಮಗ್ಗಾದರೂ ಬೇಕು, ಬಿಸಿನೀರಲ್ಲ, ಉಗುರುಬೆಚ್ಚಗಿನದು. ಕೊನೆಯ ಎರಡು ಮಗ್ಗು ಕಿವಿಯ ಹಿಂದೆ ಮತ್ತು ಕುತ್ತಿಗೆಯ ಹಿಂದಿನ ಕುಳಿಗೆ, ಅಲ್ಲೇ ನೊರೆ ಉಳಿಯುವುದು. ತಲೆ ಮೊದಲು, ಮೈ ಆಮೇಲೆ.

ಸೂತ್ರಧಾರ, ಪುಣೆ
ಕತ್ತರಿಯವರ ಲೋಟದ ಉಪಾಯಕ್ಕೆ ಒಂದು ಎಚ್ಚರಿಕೆ: ಕಲಸಿದ್ದು ಆ ಹೊತ್ತಿಗಷ್ಟೇ. ಬಾಟಲಿಗೇ ನೀರು ತುಂಬಿಸಿ 'ಸೌಮ್ಯ ಮಾಡಿ' ಇಟ್ಟರೆ ಪ್ರಿಸರ್ವೇಟಿವ್ ಕೂಡ ತೆಳುವಾಗುತ್ತದೆ, ಬಚ್ಚಲಿನ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುತ್ತವೆ. ಕೊನೆಯ ಚೂರು ಮುಗಿಸಲು ಬಾಟಲಿ ತೊಳೆಯುತ್ತೀರಲ್ಲ, ಅದೂ ಅಂದೇ ಖಾಲಿಯಾಗಬೇಕು.

ಡೊಂಬಿವಲಿ ದಾಸವಾಳ
ಕತ್ತರಿ ಅಣ್ಣ, ಮುಖದ ಮೇಲಿಂದ ಹಾಕುವುದು ಹೌದು! ಟ್ಯಾಂಕರ್ ನೀರಿನದೂ ಪಾತ್ರ ಇರಬಹುದೇ? ಶವರಿಗೆ ಫಿಲ್ಟರ್ ಹಾಕಿಸಿ ಎನ್ನುತ್ತಾರೆ.

ಸೂತ್ರಧಾರ, ಪುಣೆ
ಮುಂಬಯಿಗೆ ಬರುವುದು ತಾನ್ಸಾ, ಭಾತ್ಸಾ, ವೈತರಣಾ ಕಡೆಯ ಕೆರೆ ಅಣೆಕಟ್ಟೆಗಳ ನೀರು, ಪುಣೆಗೆ ಖಡಕ್‌ವಾಸ್ಲಾ. ಇವು ಮೆದು ನೀರೇ. ಡೊಂಬಿವಲಿಯ ನಲ್ಲಿಗೂ ನದಿಯ ನೀರೇ, ದೊಡ್ಡ ದೂರು ಇರದು. ಗಡಸು ಬರುವುದು ಬೋರ್‌ವೆಲ್‌ನಿಂದ ತುಂಬಿದ ಟ್ಯಾಂಕರಿನಲ್ಲಿ. ಪರೀಕ್ಷೆಗೆ ಖಾಲಿ ಬಾಟಲಿಯಲ್ಲಿ ಅರ್ಧ ನೀರು, ಬಟ್ಟೆ ಸೋಪಿನ ಬಾರಿನಿಂದ ಕೆರೆದ ಚಿಟಿಕೆ ಹಾಕಿ ಕುಲುಕಿ; ಪಕ್ಕದಲ್ಲಿ ಆರ್‌ಒ ನೀರಿನದೊಂದು. ನೊರೆ ನಿಲ್ಲದೆ ಮೊಸರಿನಂಥ ಕೆನೆ ತೇಲಿದರೆ ಗಡಸು. ಡಿಟರ್ಜೆಂಟ್ ಪುಡಿಯಿಂದ ಗೊತ್ತಾಗುವುದಿಲ್ಲ, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ. ಟಿಡಿಎಸ್ ಮೀಟರ್ ಕರಗಿದ್ದೆಲ್ಲ ಎಣಿಸುತ್ತದೆ, ಕ್ಯಾಲ್ಸಿಯಂ ಎಷ್ಟೆಂದು ಹೇಳದು.

ಶವರ್ ಮೂತಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರ್ ಕ್ಲೋರಿನ್ ಕಡಿಮೆ ಮಾಡೀತು, ಗಡಸುತನ ತೆಗೆಯದು. ಅದಕ್ಕೆ ರೆಸಿನ್ ಇರುವ ಸಾಫ್ಟ್‌ನರ್ ಬೇಕು, ಅದನ್ನು ಆಗಾಗ ಉಪ್ಪುನೀರಿನಿಂದ ಚೇತರಿಸಬೇಕು. ಟ್ಯಾಂಕರ್ ತಿಂಗಳುಗಳಿಗಾಗಿ ಅಷ್ಟು ಖರ್ಚು ದಂಡ. ಇಡಿಟಿಎ ಇರುವ ಶಾಂಪೂ ಸಾಕು, ಕ್ಯಾಲ್ಸಿಯಂ ಹಿಡಿದಿಡುತ್ತದೆ. ಕೊನೆಗೆ ಎರಡು ಮಗ್ಗು ಆರ್‌ಒ ನೀರು.

ಮಡಗಾಂವ್ ಕತ್ತರಿ
ಗೋವಾದ ಕೆಂಪುಕಲ್ಲಿನ ಬಾವಿಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ, ನೀರು ಮೆದು. ನೊರೆ ಬೇಗ ಏಳುತ್ತದೆ, ಅರ್ಧ ಶಾಂಪೂ ಸಾಕು. ಸಮುದ್ರಕ್ಕೋ ಈಜುಕೊಳಕ್ಕೋ ಇಳಿಯುವ ಮೊದಲು ಸಿಹಿನೀರಲ್ಲಿ ಕೂದಲು ನೆನೆಸಿ, ಆಮೇಲೆ ಉಪ್ಪು ಹೀರುವುದು ಕಡಿಮೆ.

ಇನ್ನೊಂದು ಕೇಳಬೇಕಿತ್ತು. ದಾಸವಾಳ ಅಕ್ಕ, ತಲೆಗೆ ಬಣ್ಣ ಏನಾದರೂ ಉಂಟಾ?

ಡೊಂಬಿವಲಿ ದಾಸವಾಳ
ಡೈ ಇಲ್ಲ. ತಿಂಗಳಿಗೊಮ್ಮೆ ಕಪ್ಪು ಮೆಹಂದಿ ಪ್ಯಾಕೆಟ್, ಅಷ್ಟೇ.

ಚರ್ಮದ ಡಾಕ್ಟರ್, ಠಾಣೆ
ಅದೇ ಡೈ. ಗೋರಂಟಿ ಸೊಪ್ಪು ಕೊಡುವುದು ಕೆಂಪು-ಕಿತ್ತಳೆ ಬಣ್ಣ. ಅರ್ಧ ಗಂಟೆಯಲ್ಲಿ ಕಡುಕಪ್ಪು ಮಾಡುವ ಪ್ಯಾಕೆಟ್ಟಿನಲ್ಲಿ ಹೆಚ್ಚಾಗಿ ಪಿಪಿಡಿ, ಅಂದರೆ ಪ್ಯಾರಾ ಫಿನೈಲಿನ್ ಡಯಮೀನ್ ಇರುತ್ತದೆ. ಹಣೆಯ ಅಂಚು, ಕಿವಿ, ರೆಪ್ಪೆ ಅದರದ್ದೂ ಇಷ್ಟದ ಜಾಗ. ಈಗ ಮುಖ್ಯ ಅನುಮಾನ ಮೂರಾಯಿತು: ಎಂಐ, ಪರಿಮಳ, ಪಿಪಿಡಿ. ಮೆಹಂದಿ ಹಚ್ಚಿದ ಒಂದೆರಡು ದಿನದಲ್ಲಿ ಜೋರಾಗಿ, ಉಳಿದ ವಾರ ಸಣ್ಣಗೆ ಇದ್ದರೆ ಪಿಪಿಡಿಯ ಕಡೆ ತೂಕ. ಪ್ರತಿ ತಲೆಸ್ನಾನಕ್ಕೂ ಒಂದೇ ಸಮ ಇದ್ದರೆ ಶಾಂಪೂ ಕಡೆ. ಎರಡನ್ನೂ ಈಗಲೇ ನಿಲ್ಲಿಸಿ, ಸಂಶಯ ಬಗೆಹರಿಯುವವರೆಗೆ ಮೆಹಂದಿ ಮತ್ತೆ ಬೇಡ. ಪಿಪಿಡಿಗೆ ಅಲರ್ಜಿ ಆದವರಿಗೆ ಮುಂದಿನ ಸಲ ಮುಖವೇ ಊದಿಕೊಳ್ಳಬಹುದು.

ಖಚಿತ ಉತ್ತರಕ್ಕೆ ಪ್ಯಾಚ್ ಟೆಸ್ಟ್. ಅದಕ್ಕೆ ಭಾರತದ ರೋಗಿಗಳಿಗೆಂದೇ ರೂಪಿಸಿದ ಅಲರ್ಜಿಕಾರಕಗಳ ಗುಚ್ಛ, ಇಂಡಿಯನ್ ಸ್ಟ್ಯಾಂಡರ್ಡ್ ಸೀರೀಸ್, ಇದೆ. ಅವನ್ನು ಬೆನ್ನಿಗೆ ಅಂಟಿಸಿ 48 ಗಂಟೆಗೆ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ. ಅಲರ್ಜಿ ತಡವಾಗಿ ಮೂಡುವುದರಿಂದ ಎರಡನೇ ಓದು ತಪ್ಪಿಸಬೇಡಿ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು, ಬೆವರಬಾರದು. ಮುಂಬಯಿಯ ಮೇ ತಿಂಗಳಲ್ಲಿ ಟೇಪೇ ನಿಲ್ಲುವುದಿಲ್ಲ, ಡಿಸೆಂಬರ್-ಜನವರಿ ಒಳ್ಳೆಯದು. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಚರ್ಮದ ಒಪಿಡಿಯಲ್ಲಿ ವಿಚಾರಿಸಿ. ನಿಮ್ಮ ಶಾಂಪೂ, ಮೆಹಂದಿ ಪ್ಯಾಕೆಟ್ ಎರಡನ್ನೂ ಕೈಯಲ್ಲಿ ಹಿಡಿದೇ ಹೋಗಿ.

ಡೊಂಬಿವಲಿ ದಾಸವಾಳ
ಸರಿ ಡಾಕ್ಟ್ರೆ. ಅಲ್ಲಿಯವರೆಗೆ ತಲೆಗೇನು? ಅಂಗಡಿಯಲ್ಲಿ ಈ ಪಟ್ಟಿ ಇರುವ ಬಾಟಲಿ ಸಿಕ್ಕಿತು, ನೋಡಿ ಹೇಳಿ: ಆಕ್ವಾ, ಡೈಸೋಡಿಯಂ ಲಾರೆತ್ ಸಲ್ಫೊಸಕ್ಸಿನೇಟ್, ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್, ಕೊಕಮಿಡೊಪ್ರೊಪೈಲ್ ಬೀಟೈನ್, ಗ್ಲಿಸರಿನ್, ಪ್ಯಾಂಥೆನಾಲ್, ಸಿಟ್ರಿಕ್ ಆ್ಯಸಿಡ್, ಸೋಡಿಯಂ ಬೆಂಜೊಯೇಟ್, ಫಿನಾಕ್ಸಿಎಥನಾಲ್, ಟೆಟ್ರಾಸೋಡಿಯಂ ಇಡಿಟಿಎ.

ಸೂತ್ರಧಾರ, ಪುಣೆ
ಪರಿಮಳ ಇಲ್ಲ, ಥಯಜೊಲಿನೋನ್ ಇಲ್ಲ, ತೊಳೆಯುವ ಭಾಗ ಮೃದು. ಬೀಟೈನ್ ಒಂದೇ ಪ್ರಶ್ನೆ, ಅದು ಎರಡರಲ್ಲೂ ಇದೆ. ಹೊಸದರಲ್ಲೂ ನವೆ ಬಂದರೆ ಅನುಮಾನ ಅದರ ಮೇಲೆ ತಿರುಗುತ್ತದೆ, ಪರೀಕ್ಷೆಯ ದೃಷ್ಟಿಯಿಂದ ಅದೂ ಉಪಯೋಗವೇ. ನೊರೆ ಕಡಿಮೆ ಬರುತ್ತದೆ, ಅದಕ್ಕೆಂದು ಇನ್ನಷ್ಟು ಸುರಿಯಬೇಡಿ.

ಚರ್ಮದ ಡಾಕ್ಟರ್, ಠಾಣೆ
ತಲೆಗೆ ಹಾಕುವ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಒಂದು ಹನಿಯನ್ನು ನೀರಲ್ಲಿ ನೊರೆ ಮಾಡಿ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. ದಿನಕ್ಕೆ ಎರಡು ಸಲ, 7 ದಿನ. ಶಾಂಪೂ ಹಚ್ಚಿ ಮೇಲೆ ಬ್ಯಾಂಡೇಜ್ ಅಂಟಿಸಬೇಡಿ. ಮುಚ್ಚಿಟ್ಟರೆ ಎಂಥ ಸೌಮ್ಯದ್ದೂ ಸುಡುತ್ತದೆ, ಏನೂ ತಿಳಿಯುವುದಿಲ್ಲ. ಮಚ್ಚೆ, ಗುಳ್ಳೆ ಬಂದರೆ ಅಲ್ಲಿಗೇ ನಿಲ್ಲಿಸಿ. ಈಗಿನ ನವೆ ಪೂರ್ತಿ ಇಳಿಯಲು 2–4 ವಾರ ಹಿಡಿಯಬಹುದು, ಮೂರನೇ ದಿನಕ್ಕೇ ಇನ್ನೊಂದು ಬಾಟಲಿ ಕೊಳ್ಳಲು ಓಡಬೇಡಿ. ಕಂಡೀಷನರ್, ಹ್ಯಾಂಡ್‌ವಾಶ್, ವೆಟ್ ವೈಪ್ಸ್, ಪಾತ್ರೆ ತೊಳೆಯುವ ದ್ರವ, ಇವುಗಳ ಹಿಂಭಾಗವನ್ನೂ ನೋಡಿ. ಎಂಐ ಅಲ್ಲೂ ಇರುತ್ತದೆ, ಅದೇ ಕೈಯಲ್ಲಿ ಕಣ್ಣುಜ್ಜುತ್ತೇವೆ.

ಡೊಂಬಿವಲಿ ದಾಸವಾಳ
ಪಾತ್ರೆಯ ದ್ರವದ ಮೇಲೆ ಪಟ್ಟಿಯೇ ಇಲ್ಲ!

ಮಾಟುಂಗಾ ಮೆಡಿಕಲ್
ಅದು ಕಾಸ್ಮೆಟಿಕ್ ಅಲ್ಲವಲ್ಲ, ಆ ನಿಯಮ ಅದಕ್ಕೆ ತಾಗುವುದಿಲ್ಲ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿ, ಒಳಗೆ ತೆಳು ಹತ್ತಿಯದು, ಮೇಲೆ ರಬ್ಬರಿನದು.

ಹಡಪ್ಸರ ಹೆಲ್ಮೆಟ್
ಅಕ್ಕಾರ, ಆ ಹಳೆ ಬಾಟ್ಲಿ ಅರ್ಧ ಉಳದದ ಅಂದ್ರ ಹೆಲ್ಮೆಟ್ ಲೈನರ್ ತೊಳೀಲಿಕ್ಕೆ ನನಗ ಕೊಡ್ರಿ.

ಚರ್ಮದ ಡಾಕ್ಟರ್, ಠಾಣೆ
ಲೈನರಿಗೆ ಬೇಡಪ್ಪ. ಬಟ್ಟೆಯಲ್ಲಿ ಉಳಿದದ್ದು ಬೆವರಿಗೆ ಕರಗಿ ದಿನವಿಡೀ ಹಣೆಗೆ ತಾಗುತ್ತಿರುತ್ತದೆ. ಬಚ್ಚಲಿನ ಟೈಲ್ಸ್ ತೊಳೆಯಲಿ, ಗ್ಲೌಸ್ ಹಾಕಿಕೊಂಡು.